ಕೈಗೆ ಒಗ್ಗಿದ್ದು ಮನಸ್ಸಿಗೆ ಇಳಿಯುವ ಬಗೆ

ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಹಿರಿಯರು ಯಾರಾದರೂ ತೀರಿಕೊಂಡರೆ ತಿಥಿಯ ದಿನ ನೆಂಟರಿಷ್ಟರೂ ಊರವರೂ ಕೂಡುತ್ತಾರೆ. ಊಟ ಮುಗಿದು, ಎಲೆ ಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕುಳಿತಾಗ ಮಾತು ತಾನಾಗಿಯೇ ಹೋದವರ ಕಡೆಗೆ ತಿರುಗುತ್ತದೆ. ಎಷ್ಟು ಎಕರೆ ಜಮೀನು ಮಾಡಿದರು, ಮಕ್ಕಳನ್ನು ಎಲ್ಲಿಯವರೆಗೆ ಓದಿಸಿದರು, ಪಂಚಾಯಿತಿಯಲ್ಲಿ ಎಷ್ಟು ಸಲ ಗೆದ್ದರು ಎಂಬ ಮಾತುಗಳು ಬೇಗ ಮುಗಿದುಹೋಗುತ್ತವೆ. ಹೆಚ್ಚು ಹೊತ್ತು ನಿಲ್ಲುವ ಸಂಗತಿಗಳು ಬೇರೆಯೇ. ಎರವಲು ಒಯ್ದ ಗುದ್ದಲಿಯನ್ನು ಮಣ್ಣು ತೊಳೆದೇ ತಂದುಕೊಡುತ್ತಿದ್ದರು; ಯಾರ ಮನೆಯಲ್ಲಿ ಉಂಡರೂ ಕೈ ತೊಳೆದ ಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಅಡುಗೆ ಮಾಡಿದವರನ್ನು ಮಾತನಾಡಿಸುತ್ತಿದ್ದರು; ತಮ್ಮ ಗದ್ದೆಗೆ ನೀರು ಸಾಕಾದ ಕೂಡಲೇ, ಅದು ಸರಿರಾತ್ರಿಯಾಗಿದ್ದರೂ, ಎದ್ದು ಹೋಗಿ ಕೆಳಗಿನವರ ಗದ್ದೆಗೆ ತಿರುಗಿಸಿ ಬರುತ್ತಿದ್ದರು. ಇಂಥ ಮಾತು ಹೇಳುವಾಗ ಗಟ್ಟಿ ಮನಸ್ಸಿನವರ ಗಂಟಲೂ ಬಿಗಿಯುತ್ತದೆ. ಸಂತೆಯಲ್ಲಿ ತೂಗುವಾಗ ತಕ್ಕಡಿಗೆ ಬೆರಳು ತಾಗಿಸುತ್ತಿದ್ದವರ ತಿಥಿಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಅಲ್ಲಿ ಮಾತು ಬೇಗ ಮಳೆ ಬೆಳೆಯ ಕಡೆಗೆ ಹೊರಳುತ್ತದೆ.

ದೊಡ್ಡವರ ವಿಷಯದಲ್ಲಿಯೂ ಜನರ ಅಳತೆ ಇದೇ. ಮಂಡ್ಯ ಜಿಲ್ಲೆಯಲ್ಲಿ ದೇವರ ಪಟಗಳ ಸಾಲಿನಲ್ಲಿಯೇ ಸರ್ ಎಂ. ವಿಶ್ವೇಶ್ವರಯ್ಯನವರ ಪಟವನ್ನೂ ಇಟ್ಟುಕೊಂಡ ಮನೆಗಳಿವೆ. ಕನ್ನಂಬಾಡಿ ಕಟ್ಟೆಯಿಂದ ಬದುಕು ಕಂಡ ಜನ ಹಾಗೆ ಮಾಡುವುದು ಸಹಜ. ಆದರೆ 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದು, ನೂರು ವರ್ಷ ದಾಟಿ 1962ರಲ್ಲಿ ತೀರಿಕೊಂಡ ಆ ಹಿರಿಯರ ಬಗ್ಗೆ ಹಳ್ಳಿಯ ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವ ಕಥೆಗಳನ್ನು ಕೇಳಿ ನೋಡಿ. ಕಟ್ಟೆಯ ಎತ್ತರ, ಉದ್ದದ ಲೆಕ್ಕ ಅಲ್ಲಿ ಕಡಿಮೆ. ಹೇಳಿದ ಹೊತ್ತಿಗೆ ಸರಿಯಾಗಿ ಬರುವುದು, ಬಟ್ಟೆಯ ಅಚ್ಚುಕಟ್ಟು, ಕೊಟ್ಟ ಮಾತು ಮತ್ತು ಇಟ್ಟ ಲೆಕ್ಕ, ಇವುಗಳ ಕಥೆಗಳೇ ಹೆಚ್ಚು.

ಜನ ಹೀಗೆ ಸಣ್ಣದರಿಂದಲೇ ಮನುಷ್ಯನನ್ನು ಅಳೆಯುವುದು ಬರೀ ನೆನಪಿನ ರೀತಿಯೋ, ಅಥವಾ ಗುಣ ಎಂಬುದು ನಿಜಕ್ಕೂ ಆ ಸಣ್ಣ ಕೆಲಸಗಳಲ್ಲಿಯೇ ಹುಟ್ಟಿ ಬೆಳೆಯುತ್ತದೆಯೋ? ಎರಡನೆಯದೇ ಸರಿ ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಎಲ್ಲ ಅಭ್ಯಾಸವೂ ಗುಣವಾಗುವುದಿಲ್ಲ. ದಿನವೂ ತಪ್ಪದೆ ಮಾಡಿದರೂ ಒಳಗಿನದನ್ನು ಏನೂ ಬದಲಿಸದ ಅಭ್ಯಾಸಗಳಿವೆ, ಒಳಗಿನದನ್ನು ಮರಗಟ್ಟಿಸುವ ಅಭ್ಯಾಸಗಳೂ ಇವೆ. ಯಾವುದು ಯಾವುದು ಎಂದು ಬಿಡಿಸಿ ನೋಡಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಗಾದೆಗಳು ಈ ವಿಷಯದಲ್ಲಿ ಒಮ್ಮತದಿಂದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಒಂದು ಗಾದೆ ಕೈ ಚೆಲ್ಲಿದರೆ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಇನ್ನೊಂದು ಎಳೆಯ ವಯಸ್ಸಿನವರಿಗೆ ಮಾತ್ರ ಅವಕಾಶ ಕೊಡುತ್ತದೆ. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಇದಕ್ಕಿಂತ ಹೆಚ್ಚು ಭರವಸೆಯ ಮಾತನ್ನು ಹೇಳಿದ್ದ. ಮನೆ ಕಟ್ಟುತ್ತಾ ಕಟ್ಟುತ್ತಾ ಮನೆ ಕಟ್ಟುವವರಾಗುತ್ತೇವೆ, ವಾದ್ಯ ನುಡಿಸುತ್ತಾ ನುಡಿಸುತ್ತಾ ವಾದಕರಾಗುತ್ತೇವೆ. ಹಾಗೆಯೇ ನ್ಯಾಯದ ಕೆಲಸಗಳನ್ನು ಮಾಡುತ್ತಾ ನ್ಯಾಯವಂತರಾಗುತ್ತೇವೆ ಎಂಬುದು ಅವನ ವಿಚಾರ. ಒಳ್ಳೆಯತನ ಮೊದಲು ಬಂದು ಆಮೇಲೆ ಒಳ್ಳೆಯ ಕೆಲಸ ಬರುವುದಿಲ್ಲ. ಕೆಲಸವೇ ಮೊದಲು, ಗುಣ ಅದರ ಹಿಂದಿನಿಂದ ಬರುವುದು. ಈ ಹಿಂದುಮುಂದು ಅರ್ಥವಾದರೆ, ಮೊದಲು ಮನಸ್ಸು ಸರಿಯಾಗಲಿ ಆಮೇಲೆ ಮಾಡೋಣ ಎಂದು ಕಾಯುವುದನ್ನು ಬಿಡಬಹುದು.

ಕಾಯದೆ ಶುರುಮಾಡಿದವರು ಬೇಗ ಸೋಲುವುದಕ್ಕೆ ಬೇರೆ ಕಾರಣವಿದೆ. ಜನವರಿ ಮೊದಲ ವಾರದಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ಹೊಸ ಬೂಟಿನವರ ಸಾಲು ಕಾಣುತ್ತದೆ. ಶಿವರಾತ್ರಿಯ ಹೊತ್ತಿಗೆ ಮತ್ತೆ ಹಳೆಯ ಮುಖಗಳೇ ಉಳಿದಿರುತ್ತವೆ. ಮನೆಗೆ ಮರಳಿದವರಲ್ಲಿ ಅನೇಕರು ಇಪ್ಪತ್ತೊಂದು ದಿನದ ಲೆಕ್ಕವನ್ನು ನಂಬಿ ಬಂದವರು. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ ಇಪ್ಪತ್ತೊಂದು ದಿನ ಹಿಡಿಯುತ್ತದೆ ಎಂದು 1960ರಲ್ಲಿ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ ಕಡಿಮೆಯೆಂದರೂ ಎಂಬ ಪದ ಉದುರಿಹೋಯಿತು, ಮುಖ ಹೋಗಿ ಅಭ್ಯಾಸ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ನೇರವಾಗಿ ಅಳೆಯಿತು. 96 ಮಂದಿ ತಮಗೆ ಬೇಕಾದ ಒಂದೊಂದು ಸಣ್ಣ ಅಭ್ಯಾಸವನ್ನು ಆರಿಸಿಕೊಂಡು ಹನ್ನೆರಡು ವಾರ ಪಾಲಿಸಿದರು. ಅದು ಯೋಚನೆಯಿಲ್ಲದೆ ತಾನಾಗಿ ಆಗುವ ಹಂತಕ್ಕೆ ಬರಲು ನಡುಗಟ್ಟಿನ ಲೆಕ್ಕದಲ್ಲಿ, ಅಂದರೆ ಅರ್ಧ ಮಂದಿಗೆ ಇದಕ್ಕಿಂತ ಕಡಿಮೆ, ಅರ್ಧ ಮಂದಿಗೆ ಹೆಚ್ಚು ಎಂಬಂತೆ, 66 ದಿನ ಬೇಕಾಯಿತು. ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರ ಗತಿಯನ್ನು ಮುಂದಕ್ಕೆ ಲೆಕ್ಕ ಹಾಕಿದಾಗ 254 ದಿನ ಬಂತು. ಊಟದ ಜೊತೆ ನೀರು ಕುಡಿಯುವಂಥದ್ದು ಬೇಗ ಒಗ್ಗಿತು, ವ್ಯಾಯಾಮ ತಡವಾಯಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಟ್ಟುಹೋಗುವುದಿಲ್ಲ ಎಂಬುದೂ ಅಲ್ಲಿಯೇ ಗೊತ್ತಾಯಿತು. ನನ್ನ ಮಟ್ಟಿಗೆ ಈ ಕೊನೆಯ ಸಂಗತಿಯೇ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಒಂದು ದಿನ ತಪ್ಪಿತೆಂದು ಪೂರ್ತಿ ಬಿಟ್ಟುಬಿಡುವವರು ನಮ್ಮಲ್ಲಿ ಬಹಳ ಮಂದಿ.

ತಾನಾಗಿ ಆಗುವುದು ಎಂದರೆ ಮಿದುಳಿನೊಳಗೆ ಏನಾಗುತ್ತದೆ ಎಂಬುದರ ಬಗ್ಗೆಯೂ ಸ್ವಲ್ಪ ತಿಳಿದಿದೆ. ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯ ಆನ್ ಗ್ರೇಬಿಯಲ್ ಮತ್ತು ಸಂಗಡಿಗರು ಇಲಿಗಳನ್ನು ಕವಲುದಾರಿಯಲ್ಲಿ ಓಡಿಸಿ, ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದ ನರಕೋಶಗಳ ಚಟುವಟಿಕೆಯನ್ನು ದಾಖಲಿಸಿದರು. ಕಲಿಯುವಾಗ ಓಟದ ಉದ್ದಕ್ಕೂ ಕೆಲಸ ಮಾಡುತ್ತಿದ್ದ ಕೋಶಗಳು, ದಾರಿ ರೂಢಿಯಾದ ಮೇಲೆ ಓಟದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಜೋರಾಗಿ ಮಿಡಿದು ನಡುವೆ ಶಾಂತವಾದವು. ಇಡೀ ಓಟ ಒಂದೇ ಗಂಟಾಗಿ ಕಟ್ಟಿಕೊಂಡಿತ್ತು. ಮನುಷ್ಯರ ದಿನದಲ್ಲಿಯೂ ಇಂಥ ಗಂಟುಗಳು ಬಹಳ. ವೆಂಡಿ ವುಡ್ ಎಂಬ ಮನೋವಿಜ್ಞಾನಿ, ಮಾಡುತ್ತಿರುವುದೇನು ಯೋಚಿಸುತ್ತಿರುವುದೇನು ಎಂದು ವಿದ್ಯಾರ್ಥಿಗಳಿಂದ ಗಂಟೆಗೊಮ್ಮೆ ಬರೆಸಿದಾಗ, ದಿನದ ಕೆಲಸಗಳಲ್ಲಿ ಸುಮಾರು ಶೇ. 43ರಷ್ಟು ಅದೇ ಜಾಗದಲ್ಲಿ ಹೆಚ್ಚುಕಡಿಮೆ ಪ್ರತಿದಿನ ಮಾಡುವಂಥವಾಗಿದ್ದವು, ಮತ್ತು ಅವನ್ನು ಮಾಡುವಾಗ ಮನಸ್ಸು ಬಹುಮಟ್ಟಿಗೆ ಬೇರೆಲ್ಲೋ ಇರುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ, ಅದನ್ನು ಹಗುರವಾಗಿ ದಾಟಿಹೋಗಬಾರದು. ಮನಸ್ಸಿಲ್ಲದೆ ಆಗುವ ಕೆಲಸ ಮನುಷ್ಯನ ಗುಣವನ್ನು ತಿದ್ದುವುದಾದರೂ ಹೇಗೆ? ಯಂತ್ರವೂ ತಪ್ಪದೆ ಅದೇ ಕೆಲಸ ಮಾಡುತ್ತದೆ, ಅದಕ್ಕೆ ಗುಣವಿಲ್ಲ. ಇದಕ್ಕೆ ಉತ್ತರ ನನಗೆ ಪುಸ್ತಕಗಳಿಗಿಂತ ಹೆಚ್ಚಾಗಿ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಕಂಡಿದೆ.

ನಮ್ಮ ಅವ್ವ ಹಸು ಕರೆಯುತ್ತಿದ್ದ ರೀತಿಯನ್ನು ಬಾಲ್ಯದಿಂದ ನೋಡಿ ಬೆಳೆದವನು ನಾನು. ಬೆಳಕು ಹರಿಯುವ ಮೊದಲೇ ಎದ್ದು, ಸಗಣಿ ಬಾಚಿ, ಗಂಜಲ ಗುಡಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ, ಕರುವನ್ನು ಬಿಟ್ಟು ಹಸು ಸೊರೆ ಬಿಡುವವರೆಗೆ ಕಾದು, ಆಮೇಲೆ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಒಂದೊಂದು ಮೊಲೆಯಿಂದ ಮೊದಲ ಒಂದೆರಡು ಧಾರೆಯನ್ನು ಪಾತ್ರೆಗೆ ಬಿಡದೆ ಅಂಗೈಗೆ ಬಿಟ್ಟುಕೊಂಡು ನೋಡಿ ಚೆಲ್ಲುತ್ತಿದ್ದರು. ಆಮೇಲೆ ಎರಡು ಕೈಗಳೂ ತಮ್ಮ ಪಾಡಿಗೆ ನಡೆಯುತ್ತಿದ್ದವು. ಅವ್ವ ಹಸುವಿನೊಡನೆಯೋ ನನ್ನೊಡನೆಯೋ ಮಾತನಾಡುತ್ತಿದ್ದರು. ಅವರ ಗಮನ ಬೇರೆಡೆ ಇದೆ ಎಂದೇ ನೋಡುವವರಿಗೆ ಅನಿಸಬೇಕು. ಆದರೆ ಒಂದು ಬೆಳಿಗ್ಗೆ ಮಾತಿನ ನಡುವೆ ತಟ್ಟನೆ ಕೈ ನಿಲ್ಲಿಸಿ, "ಈ ಮೊಲೆ ಯಾಕೋ ಬಿಸಿ ಅದೆ ಕಣಪ್ಪ, ಡಾಕ್ಟ್ರನ್ನ ಕರ್ಕಂಬಾ" ಎಂದರು. ನಾನು ಮುಟ್ಟಿ ನೋಡಿದೆ, ನಾಲ್ಕೂ ಒಂದೇ ಹಾಗಿದ್ದವು. ಪಶುವೈದ್ಯರು ಬಂದು ನೋಡಿ ಕೆಚ್ಚಲು ಬಾವು ಶುರುವಾಗಿದೆ, ಸರಿಯಾದ ಹೊತ್ತಿಗೆ ಕರೆದಿರಿ ಎಂದರು.

ಕರೆಯುವ ಕೆಲಸ ಕೈಗೆ ಬಿಟ್ಟುಹೋಗಿದ್ದರಿಂದಲೇ ಅವ್ವನ ಗಮನಕ್ಕೆ ಬಿಡುವು ಸಿಕ್ಕಿತ್ತು. ಆ ಬಿಡುವಿನಿಂದಲೇ ನಿನ್ನೆಗೂ ಇವತ್ತಿಗೂ ಇರುವ ಕೂದಲೆಳೆಯ ವ್ಯತ್ಯಾಸ ಅವರಿಗೆ ತಿಳಿಯಿತು. ಮೊದಲ ಸಲ ಹಾಲು ಕರೆಯುವವನಿಗೆ ಧಾರೆ ಪಾತ್ರೆಗೆ ಬೀಳುತ್ತದೆಯೇ ಎಂಬುದೇ ದೊಡ್ಡ ಚಿಂತೆ. ಹಸುವಿನ ಮೈ ಬಿಸಿ ಅವನಿಗೆ ತಿಳಿಯುವುದಿಲ್ಲ. ಅಭ್ಯಾಸವು ಕೆಲಸದಿಂದ ಮನಸ್ಸನ್ನು ತೆಗೆಯುತ್ತದೆ ನಿಜ, ಆದರೆ ತೆಗೆದ ಮನಸ್ಸನ್ನು ಎಲ್ಲಿ ಇಡುತ್ತೇವೆ ಎಂಬುದು ನಮ್ಮ ಕೈಯಲ್ಲಿಯೇ ಉಳಿಯುತ್ತದೆ. ಅದನ್ನು ಎದುರಿಗಿರುವ ಜೀವದ ಮೇಲೆಯೇ ಇಟ್ಟವರಲ್ಲಿ ಅಭ್ಯಾಸವು ಕಾಳಜಿಯಾಗಿ ಬೆಳೆಯುತ್ತದೆ. ಕಾಳಜಿ ಎಂಬ ಗುಣ ಹೀಗೆ ಬರುತ್ತದೆಯೇ ಹೊರತು, ಕಾಳಜಿ ಇರಬೇಕು ಎಂದು ನಿರ್ಧರಿಸುವುದರಿಂದ ಬರುವುದನ್ನು ನಾನು ಕಂಡಿಲ್ಲ.

ಕೊಟ್ಟಿಗೆಯಿಂದ ಡೇರಿಯವರೆಗಿನ ದಾರಿಯೂ ಈ ಪಾಠದ ಭಾಗವೇ. ಹಾಲು ಉತ್ಪಾದಕರ ಸಂಘದ ಮುಂದೆ ಬೆಳಿಗ್ಗೆ ಮತ್ತು ಸಂಜೆ ಕ್ಯಾನು ಹಿಡಿದವರ ಸಾಲು ನಿಲ್ಲುತ್ತದೆ. ಸ್ವಲ್ಪ ಹಾಲು ತೆಗೆದು ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುತ್ತಾರೆ, ಫ್ಯಾಟು ನೋಡುತ್ತಾರೆ, ಪುಸ್ತಕಕ್ಕೆ ಬರೆಯುತ್ತಾರೆ. ಡಿಗ್ರಿ ಕಡಿಮೆ ಬಂದರೆ ಸಾಲಿನಲ್ಲಿದ್ದ ಎಲ್ಲರೆದುರಿಗೂ ಹಾಲು ವಾಪಸು ಬರುತ್ತದೆ. ಒಂದು ಚೊಂಬು ನೀರಿನಿಂದ ಬರುವ ಲಾಭ ಚಿಕ್ಕದು, ಆದರೆ ದಿನಕ್ಕೆ ಎರಡು ಸಲದಂತೆ ವರ್ಷವಿಡೀ ಆ ಚೊಂಬು ಕೈಗೆಟಕುವ ದೂರದಲ್ಲಿಯೇ ಇರುತ್ತದೆ. ಮೊದಮೊದಲು ಅಳತೆಯ ಭಯದಿಂದ ಚೊಂಬನ್ನು ಮುಟ್ಟದೆ ಇದ್ದವರು, ವರ್ಷಗಳು ಕಳೆದಂತೆ ಅಳೆಯುವವರಿಲ್ಲದ ಕಡೆಯೂ, ಅಂದರೆ ನೆರೆಮನೆಯ ಬಾಣಂತಿಗೆ ಹಾಲು ಅಳೆದು ಕೊಡುವಾಗಲೂ, ಅದನ್ನು ಮುಟ್ಟುವುದಿಲ್ಲ. ಭಯದಿಂದ ಶುರುವಾದದ್ದು ಗುಣವಲ್ಲ ಎಂದು ವಾದಿಸುವವರಿದ್ದಾರೆ. ಶುರು ಹೇಗೇ ಆಗಿರಲಿ, ಕೊನೆಗೆ ಉಳಿದದ್ದು ಗುಣವೇ ಎಂದು ನಾನು ಹೇಳುತ್ತೇನೆ. ಮಕ್ಕಳು ಹಲ್ಲುಜ್ಜುವುದನ್ನು ಕಲಿಯುವುದೂ ತಾಯಿಯ ಗದರಿಕೆಯಿಂದಲೇ ಅಲ್ಲವೇ.

ದಿನದ ಅಭ್ಯಾಸ ಎಂದರೆ ಮೈಸೂರಿನವರು ಯೋಗವನ್ನು ನೆನೆಯದೆ ಇರಲಾಗದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿದರು. ಅವರು ಕಲಿಸಿದ ಕ್ರಮಕ್ಕೆ ಇವತ್ತು ಜಗತ್ತಿನ ಎಲ್ಲೆಡೆ ಮೈಸೂರು ಶೈಲಿ ಎಂದೇ ಹೆಸರು. ಅಲ್ಲಿ ಗುರುಗಳು ಮುಂದೆ ನಿಂತು ಎಲ್ಲರಿಂದ ಒಟ್ಟಿಗೆ ಮಾಡಿಸುವುದಿಲ್ಲ. ಪ್ರತಿಯೊಬ್ಬರೂ ತಮಗೆ ಕಲಿಸಿದಷ್ಟನ್ನು ತಮ್ಮ ಉಸಿರಿನ ಗತಿಯಲ್ಲಿ ತಾವೇ ಮಾಡುತ್ತಾರೆ; ಒಂದು ಆಸನ ಹದಕ್ಕೆ ಬಂದ ಮೇಲೆ ಗುರುಗಳು ಮುಂದಿನದನ್ನು ಸೇರಿಸುತ್ತಾರೆ. ಶನಿವಾರ ಮತ್ತು ಅಮಾವಾಸ್ಯೆ ಹುಣ್ಣಿಮೆಗಳಂದು ಬಿಡುವು, ಉಳಿದ ದಿನಗಳಲ್ಲಿ ಅದೇ ಕ್ರಮ. ಮೈಸೂರಿನ ಗೋಕುಲಂ ಬಡಾವಣೆಯ ಬೀದಿಗಳಲ್ಲಿ ಕತ್ತಲಿರುವಾಗಲೇ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಡುವ ಪರದೇಶದವರನ್ನು ನೋಡಿದಾಗಲೆಲ್ಲ ನನಗೆ ಈ ಕ್ರಮದ ಜಾಣ್ಮೆ ನೆನಪಾಗುತ್ತದೆ. ನಿನ್ನೆಯ ಆಸನಗಳೇ ಇವತ್ತೂ ಇರುವುದರಿಂದ ಬದಲಾಗಿರುವುದು ತನ್ನ ಮೈಯೇ ಮನಸ್ಸೇ ಎಂಬುದು ಮಾಡುವವರಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ನಿದ್ದೆ ಕೆಟ್ಟಿದ್ದರೆ ಬೆನ್ನು ಹೇಳುತ್ತದೆ, ಸಿಟ್ಟಿದ್ದರೆ ಉಸಿರು ಹೇಳುತ್ತದೆ. ದಿನಕ್ಕೊಂದು ಹೊಸ ಕಸರತ್ತಿನ ಹಿಂದೆ ಹೋಗುವವರಿಗೆ ಈ ಅರಿವು ದಕ್ಕುವುದಿಲ್ಲ.

ಹಾಗಾದರೆ ಮರಗಟ್ಟಿಸುವ ಅಭ್ಯಾಸಗಳು ಯಾವುವು? ಇಂಗ್ಲೆಂಡಿನ ಪಾದ್ರಿಯೂ ಚಿಂತಕರೂ ಆಗಿದ್ದ ಜೋಸೆಫ್ ಬಟ್ಲರ್ 1736ರಲ್ಲಿ ಮಾಡಿದ ಒಂದು ಭೇದ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಮತ್ತೆ ಮತ್ತೆ ಮಾಡಿದ್ದು ಬಲವಾಗುತ್ತದೆ, ಮತ್ತೆ ಮತ್ತೆ ಬರೀ ಅನುಭವಿಸಿದ್ದು ದುರ್ಬಲವಾಗುತ್ತದೆ ಎಂಬುದು ಅದರ ಸಾರ. ಕಷ್ಟದಲ್ಲಿರುವವರನ್ನು ದಿನವೂ ನೋಡಿ ಸುಮ್ಮನೆ ಮರುಗುವವನ ಮರುಕ ದಿನದಿಂದ ದಿನಕ್ಕೆ ಕರಗುತ್ತದೆ. ದಿನವೂ ನೋಡಿ ಕೈಲಾದದ್ದನ್ನು ಮಾಡುವವನಿಗೂ ಮೊದಲ ದಿನದ ಕಣ್ಣೀರು ಉಳಿಯುವುದಿಲ್ಲ, ಆದರೆ ಎದ್ದು ಹೋಗುವ ಕಾಲು ಗಟ್ಟಿಯಾಗುತ್ತದೆ. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಅಭ್ಯಾಸದ ಬಗ್ಗೆ ಬರೆಯುತ್ತಾ, ನಾಟಕ ನೋಡುತ್ತಾ ಪಾತ್ರಗಳಿಗಾಗಿ ಕಣ್ಣೀರಿಡುವ ಒಬ್ಬ ರಷ್ಯನ್ ಸಿರಿವಂತೆಯನ್ನೂ ಹೊರಗೆ ಅವಳ ಗಾಡಿಯ ಮೇಲೆ ಚಳಿಯಲ್ಲಿ ಹೆಪ್ಪುಗಟ್ಟಿ ಸಾಯುತ್ತಿರುವ ಸಾರಥಿಯನ್ನೂ ಉದಾಹರಣೆ ಕೊಟ್ಟು ಇದೇ ಅಪಾಯವನ್ನು ತೋರಿಸಿದರು. ಭಾವನೆ ಉಕ್ಕಿದಾಗ ಅದನ್ನು ಏನಾದರೂ ಒಂದು ಕೆಲಸವಾಗಿ ಹೊರಗೆ ತರಬೇಕು, ಮನೆಯ ಅಜ್ಜಿಯೊಡನೆ ಒಂದು ಒಳ್ಳೆಯ ಮಾತಾಡುವಷ್ಟು ಸಣ್ಣದಾದರೂ ಸರಿ, ಎಂಬುದು ಅವರ ಸಲಹೆ.

ಈ ಇಬ್ಬರೂ ಮೊಬೈಲ್ ಫೋನನ್ನು ಕಂಡವರಲ್ಲ, ಆದರೂ ಅವರ ಮಾತು ಇವತ್ತಿನ ನಮ್ಮ ಬೆಳಗಿನ ಹೊತ್ತಿಗೆ ನೇರವಾಗಿ ತಗಲುತ್ತದೆ. ಕಣ್ಣು ಬಿಟ್ಟ ಕೂಡಲೇ ದಿಂಬಿನ ಪಕ್ಕದ ಫೋನನ್ನು ಎತ್ತಿಕೊಂಡು ಅಪಘಾತ, ಜಗಳ, ಯಾರದೋ ಮದುವೆ, ಯಾರದೋ ಸಾವು, ಎಲ್ಲವನ್ನೂ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಾ ಹೋಗುವುದು ಈಗ ಲಕ್ಷಾಂತರ ಜನರ ನಿತ್ಯದ ಮೊದಲ ಕೆಲಸ. ಸಮಯ ಹಾಳಾಗುವುದಕ್ಕಿಂತ ಹೆಚ್ಚಿನ ಹಾನಿ ಇದರಲ್ಲಿದೆ ಎಂದು ನನಗೆ ಅನಿಸುತ್ತದೆ. ಸಾವಿನ ಸುದ್ದಿಗೆ ಕೈಜೋಡಿಸಿದ ಒಂದು ಚಿತ್ರ ಒತ್ತಿ ಮುಂದೆ ಹೋಗುವುದನ್ನು ದಿನವೂ ಮಾಡಿದರೆ, ಸಾವಿನ ಎದುರು ಮಾಡಬೇಕಾದದ್ದು ಅಷ್ಟೇ ಎಂದು ಮನಸ್ಸು ಕಲಿತುಬಿಡುತ್ತದೆ. ಅದೇ ಸುದ್ದಿ ಓದಿ ಫೋನು ಕೆಳಗಿಟ್ಟು, ಆ ಮನೆಯವರಿಗೆ ಒಂದು ಕರೆ ಮಾಡುವವರನ್ನೂ, ಹತ್ತಿರದವರಾದರೆ ಚಪ್ಪಲಿ ಮೆಟ್ಟಿ ಹೊರಡುವವರನ್ನೂ ನಾನು ಬಲ್ಲೆ. ಅವರ ಕೈಯಲ್ಲಿರುವುದೂ ಅದೇ ಫೋನು.

ಅಭ್ಯಾಸ ಮನೋಭಾವವನ್ನು ರೂಪಿಸುವುದಕ್ಕೆ ಮಂಡ್ಯದಲ್ಲಿ ಒಂದು ಸೊಗಸಾದ ನಿದರ್ಶನವಿದೆ. ಇಲ್ಲಿನ ಪತ್ರಿಕೆಗಳಲ್ಲಿ ಕೆಆರ್‌ಎಸ್ ಜಲಾಶಯದ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಸಣ್ಣ ಪಟ್ಟಿ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಚಹಾ ಅಂಗಡಿಯಲ್ಲಿ ಪತ್ರಿಕೆ ಕೈಗೆ ಬಂದರೆ ಹಿರಿಯ ರೈತರ ಕಣ್ಣು ಮೊದಲು ಹೋಗುವುದು ಆ ಪಟ್ಟಿಗೆ. ಓದಲು ಬಾರದವರು ಪಕ್ಕದವರನ್ನು ಎಷ್ಟಾಯ್ತು ಎಂದು ಕೇಳುತ್ತಾರೆ. 2023ರ ಬರದಲ್ಲಿ ಕಟ್ಟೆ ತುಂಬಲಿಲ್ಲ, ಮುಂದಿನ ವರ್ಷ ಜುಲೈನಲ್ಲಿ ತುಂಬಿತು; ಆ ನಡುವಿನ ತಿಂಗಳುಗಳಲ್ಲಿ ಅಂಕಿ ಒಂದೊಂದು ಅಡಿ ಇಳಿದಾಗಲೂ ಏರಿದಾಗಲೂ ಆ ಬೆಂಚುಗಳ ಮೇಲಿನ ಮಾತು ಬದಲಾಗುತ್ತಿತ್ತು. ಭತ್ತ ಹಾಕುವುದೋ ರಾಗಿಗೆ ಹೋಗುವುದೋ, ಕಬ್ಬಿನ ಕೂಳೆ ಬಿಡುವುದೋ ಬೇಡವೋ, ಮಗಳ ಮದುವೆ ಈ ವರ್ಷವೋ ಮುಂದಕ್ಕೋ ಎಂಬ ಲೆಕ್ಕಗಳೆಲ್ಲ ಆ ಪಟ್ಟಿಯ ಸುತ್ತ ಸುತ್ತುತ್ತಿದ್ದವು. ಕೊಡಗಿನಲ್ಲಿ ಬಿದ್ದ ಮಳೆ ಎಷ್ಟು ದಿನಕ್ಕೆ ಕನ್ನಂಬಾಡಿಗೆ ಬರುತ್ತದೆ, ಅಲ್ಲಿಂದ ನಾಲೆಯ ಕೊನೆಗೆ ಯಾವಾಗ ಮುಟ್ಟುತ್ತದೆ ಎಂದು ಇವರು ಬಾಯಲ್ಲಿಯೇ ಲೆಕ್ಕ ಹೇಳುತ್ತಾರೆ. ದಿನಕ್ಕೆ ಅರ್ಧ ನಿಮಿಷವೂ ಹಿಡಿಯದ ಈ ನೋಟ, ತನ್ನ ಹೊಲದ ಬದುವಿನಾಚೆಗೆ, ಮೇಲಿನವರ ಮಳೆಗೆ ಮತ್ತು ಕೆಳಗಿನವರ ಬೆಳೆಗೆ, ಮನಸ್ಸನ್ನು ಹಿಗ್ಗಿಸುತ್ತದೆ. ಆತಂಕವನ್ನೂ ಕೊಡುತ್ತದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಬೇರೊಬ್ಬರೊಡನೆ ಹಂಚಿಕೊಂಡ ಆತಂಕ ಅದು, ಒಬ್ಬೊಬ್ಬರೇ ಕತ್ತಲಲ್ಲಿ ಫೋನು ನೋಡಿ ತಂದುಕೊಂಡದ್ದಲ್ಲ.

ಸಣ್ಣ ಸುಳ್ಳುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಇನ್ನೂ ಸ್ನಾನವೂ ಆಗಿರದಿದ್ದರೂ ದಾರಿಯಲ್ಲಿದ್ದೀನಿ ಎಂದು ಹೇಳುವುದು ನಮ್ಮಲ್ಲಿ ಸುಳ್ಳಿನ ಲೆಕ್ಕಕ್ಕೇ ಸೇರುವುದಿಲ್ಲ. ಆದರೆ ಅದು ಕೇಳಿದವರ ಅರ್ಧ ಗಂಟೆಯನ್ನು ಬಿಸಿಲಿನಲ್ಲಿ ನಿಲ್ಲಿಸುತ್ತದೆ, ಮತ್ತು ಹೇಳಿದವರಿಗೆ ತಮ್ಮ ಮಾತಿಗೂ ತಮ್ಮ ಸ್ಥಿತಿಗೂ ಸಂಬಂಧ ಬೇಕಿಲ್ಲ ಎಂಬುದನ್ನು ಕಲಿಸುತ್ತದೆ. ಇನ್ನೂ ಹೊರಟಿಲ್ಲ, ಅರ್ಧ ಗಂಟೆ ಆಗುತ್ತದೆ ಎಂದು ಹೇಳಲು ಬೇಕಾಗುವುದು ಒಂದು ಕ್ಷಣದ ಸಂಕೋಚವನ್ನು ತಡೆದುಕೊಳ್ಳುವ ಶಕ್ತಿ ಮಾತ್ರ. ಆ ಸಂಕೋಚವನ್ನು ದಿನವೂ ತಡೆದುಕೊಂಡು ರೂಢಿಯಾದವರು, ಮುಂದೊಂದು ದಿನ ಕಚೇರಿಯಲ್ಲಿ ಲೆಕ್ಕ ತಪ್ಪಿದಾಗ ಅದನ್ನು ಮೇಲಿನವರಿಗೆ ಹೇಳುವ ಧೈರ್ಯವನ್ನೂ ಉಳಿಸಿಕೊಂಡಿರುತ್ತಾರೆ.

ಅಭ್ಯಾಸ ನಮ್ಮೊಳಗೆ ಇದೆ ಎಂದು ನಾವು ತಿಳಿದಿದ್ದರೂ ಅದರ ಅರ್ಧ ಭಾಗ ಜಾಗದಲ್ಲಿರುತ್ತದೆ. ವೆಂಡಿ ವುಡ್ ಮತ್ತು ಸಂಗಡಿಗರು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋದ ವಿದ್ಯಾರ್ಥಿಗಳನ್ನು ಗಮನಿಸಿ 2005ರಲ್ಲಿ ಇದನ್ನು ತೋರಿಸಿದರು: ವ್ಯಾಯಾಮವೋ ಪತ್ರಿಕೆ ಓದುವುದೋ, ಹೊಸ ಕಡೆಯಲ್ಲಿ ಹಳೆಯ ಸಂದರ್ಭವೇ ಸಿಕ್ಕಿದ್ದರೆ ಅಭ್ಯಾಸ ಉಳಿಯಿತು, ಸಂದರ್ಭ ಬದಲಾದವರಲ್ಲಿ ಅದರ ಹಿಡಿತ ಸಡಿಲವಾಯಿತು. ಕೆಟ್ಟ ಅಭ್ಯಾಸ ಬಿಡಬೇಕೆನ್ನುವವರಿಗೆ ಇದು ಒಳ್ಳೆಯ ಸುದ್ದಿ. ಹಳ್ಳಿಯಿಂದ ಮಕ್ಕಳ ಮನೆಗೆ ಬಂದು ಸೇರುವ ಹಿರಿಯರಿಗೆ ಅದು ಹಾಗಲ್ಲ.

ಅವ್ವ ಹೋದ ಮೇಲೆ ಹಸುಗಳನ್ನು ಕೊಟ್ಟು, ಜಮೀನನ್ನು ಬೆಳೆಯ ಪಾಲಿನ ಮೇಲೆ ಬೇರೆಯವರಿಗೆ ಬಿಟ್ಟು ನಮ್ಮ ತಂದೆಯವರು ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಗೆ ಬಂದರು. ಊರಿನಲ್ಲಿ ಅವರ ದಿನ ಶುರುವಾಗುತ್ತಿದ್ದದ್ದು ಟವೆಲ್ ಹೆಗಲಿಗೆ ಹಾಕಿ ಕಾಲುವೆಯ ಏರಿಯ ಮೇಲೆ ನಡೆದು ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುವುದರಿಂದ. ಇಲ್ಲಿ ಐದು ಗಂಟೆಗೆ ಎಚ್ಚರವಾದರೆ ಮಾಡಲು ಏನೂ ಇರಲಿಲ್ಲ. ಸೋಫಾದ ಮೇಲೆ ಕುಳಿತು ಬಾಗಿಲು ನೋಡುತ್ತಿದ್ದರು. ಎಂದೂ ಗಟ್ಟಿಯಾಗಿ ಮಾತನಾಡದವರು ಸಣ್ಣಪುಟ್ಟದ್ದಕ್ಕೆ ಸಿಡುಕತೊಡಗಿದರು. ವಯಸ್ಸಾಯಿತು ಎಂದು ಎಲ್ಲರೂ ಹೇಳಿದರು, ಪಾರ್ಕಿನಲ್ಲಿ ವಾಕಿಂಗ್ ಮಾಡಿಸಿ ಎಂದರು. ಅವರು ಎರಡು ಸುತ್ತು ಬಂದು, ಎಲ್ಲಿಗೂ ಹೋಗದೆ ಸುಮ್ಮನೆ ಸುತ್ತುವುದು ತಮಗೆ ಬಾರದು ಎಂದು ಬಿಟ್ಟುಬಿಟ್ಟರು. ವಯಸ್ಸಿಗಿಂತ ಹೆಚ್ಚಾಗಿ, ಐವತ್ತು ವರ್ಷ ಅವರನ್ನು ಶಾಂತವಾಗಿಟ್ಟಿದ್ದ ಬೆಳಗಿನ ಕೆಲಸಕ್ಕೆ ಇಲ್ಲಿ ಜಾಗವಿರಲಿಲ್ಲ ಎಂಬುದು ನಮಗೆ ಹೊಳೆಯಲು ತಡವಾಯಿತು.

ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಬೇಕು. ಯಾರೋ ಮೋಟಾರು ಹಾಕಿ ಮರೆಯುತ್ತಿದ್ದರು, ಟ್ಯಾಂಕು ತುಂಬಿ ಗೋಡೆಯ ಮೇಲಿಂದ ನೀರು ಹರಿದು ಚರಂಡಿ ಸೇರುತ್ತಿತ್ತು. ನೀರು ಪೋಲಾಗುವ ಸದ್ದು ಕೇಳಿ ತಂದೆಯವರು ಒಂದು ದಿನ ಟವೆಲ್ ಹೆಗಲಿಗೆ ಹಾಕಿಕೊಂಡು ಕೆಳಗಿಳಿದರು. ಮಾರನೆಯ ದಿನ ಮೋಟಾರನ್ನು ಅವರೇ ಹಾಕಿದರು, ತುಂಬುವವರೆಗೆ ಅಲ್ಲಿಯೇ ನಿಂತು ಆರಿಸಿ ಬಂದರು. ಕೆಲವು ತಿಂಗಳಲ್ಲಿ ಕಟ್ಟಡದವರೆಲ್ಲ ನೀರಿನ ಮಾತಿಗೆ "ಯಜಮಾನ್ರೇ" ಎಂದು ಅವರನ್ನೇ ಕೇಳುವಂತಾಯಿತು. ಸಿಡುಕು ಯಾವಾಗ ಕಡಿಮೆಯಾಯಿತು ಎಂದು ನಮಗೆ ಹೇಳಲಾಗದು. ನೀರು ಏರುವ ಹೊತ್ತಿನಲ್ಲಿ ಸುಮ್ಮನೆ ನಿಂತಿರುತ್ತಿದ್ದ ಅವರ ಕಣ್ಣಿಗೆ ಉಳಿದದ್ದೂ ಬೀಳತೊಡಗಿತು: ಎರಡನೆಯ ಮಹಡಿಯ ಪೈಪಿನ ಸೋರಿಕೆ, ಗೇಟಿನ ಸಡಿಲವಾದ ತಿರುಗಣೆ. ಕೆಳಮಹಡಿಯಲ್ಲಿ ಒಂಟಿಯಾಗಿರುವ ಅಜ್ಜಿಯ ಬಾಗಿಲ ಮುಂದಿನ ಹಾಲಿನ ಪ್ಯಾಕೆಟ್ ಒಂದು ದಿನ ಏಳು ಗಂಟೆಯಾದರೂ ಹಾಗೆಯೇ ಇದ್ದದ್ದನ್ನು ಕಂಡು ಬಾಗಿಲು ಬಡಿದವರೂ ಅವರೇ. ಅಜ್ಜಿ ಜ್ವರದಲ್ಲಿ ಏಳಲಾರದೆ ಮಲಗಿದ್ದರು.

ಕಳೆದ ಗೌರಿ ಹಬ್ಬಕ್ಕೆ ಊರಿಗೆ ಹೊರಡುವಾಗ ತಂದೆಯವರಿಗೆ ಮೋಟಾರಿನ ಚಿಂತೆ ಹತ್ತಿತು. ಮೂರನೆಯ ಮಹಡಿಯಲ್ಲಿ ಪಿಯುಸಿ ಓದುವ ಹುಡುಗನನ್ನು ಗೊತ್ತುಮಾಡಿ, ಹೊರಡುವ ಮುಂಚಿನ ಒಂದು ವಾರ ದಿನವೂ ಜೊತೆಗೆ ಕರೆದುಕೊಂಡು ಹೋದರು. "ಸ್ವಿಚ್ ಹಾಕ್ಬುಟ್ಟು ಮ್ಯಾಕೆ ಹೊಂಟೋಗ್ಬ್ಯಾಡ ಕಣಪ್ಪ, ತುಂಬೋಗಂಟ ಇಲ್ಲೇ ಇರು" ಎಂದು ಅವನಿಗೆ ಹೇಳುತ್ತಿದ್ದದ್ದು ನಮ್ಮ ಬಾಲ್ಕನಿಗೆ ಕೇಳುತ್ತಿತ್ತು. ತಂದೆಯವರು ಊರಿಂದ ಮರಳಿದ ಮೇಲೂ ಹುಡುಗ ಬರುವುದನ್ನು ಬಿಟ್ಟಿಲ್ಲ. ಪುಸ್ತಕ ತಂದು ಸಂಪಿನ ಕಟ್ಟೆಯ ಮೇಲೆ ಕುಳಿತು ಓದಿಕೊಳ್ಳುತ್ತಾನೆ. ಅಜ್ಜಿಯ ಬಾಗಿಲ ಕಡೆಗೊಮ್ಮೆ ನೋಡಬೇಕು ಎಂಬುದನ್ನೂ ಅವನಿಗೆ ಹೇಳಿಕೊಡಬಾರದೇ ಎಂದು ನಾನು ಕೇಳಿದೆ. ಅದನ್ನು ತಾವು ಹೇಳುವುದಿಲ್ಲ, ಇನ್ನೂ ನಾಲ್ಕು ದಿನ ಅವನು ಅಲ್ಲಿ ಕೂರಲಿ ಎಂದರು.